ಕುಲೆಯಾನ ತೋರಿಸೋಕೆ ಕೆಸುವಿನ ಗದ್ದೆಗೆ ಹೋಗಿ

ನಿಮ್ಮ ಮಗಳು ಹೊನೊಲುಲುವಿನಲ್ಲಿ ಏಳನೇ ಕ್ಲಾಸು, ಶಾಲೆಯ ಚಿತ್ರ-ವಿಡಿಯೋ ಸ್ಪರ್ಧೆಗೆ 'ಕುಲೆಯಾನ' ಎಂಬ ಹವಾಯಿ ಮೌಲ್ಯ ಆರಿಸಿದ್ದಾಳೆ, ತೋರಿಸುವುದು ಹೇಗೆ ಅಂತ ಕೇಳಿದ್ದೀರಿ.

ಸುಮ್ನೆ 'ಜವಾಬ್ದಾರಿ' ಅಂತ ಹೇಳಿ ಮುಗಿಸಬೇಡಿ. ಕುಲೆಯಾನ ಅನ್ನೋ ಪದದಲ್ಲಿ ಹೊಣೆಯೂ ಇದೆ, ಹಕ್ಕೂ ಇದೆ. ಸಾಮಾನ್ಯ ಜನ ತಾವು ಸಾಗುವಳಿ ಮಾಡುತ್ತಿದ್ದ ಜಮೀನಿಗೆ ಒಡೆಯರಾಗಲು ಅವಕಾಶ ಕೊಟ್ಟ ಹವಾಯಿಯ 1850ರ ಕಾನೂನಿಗೂ ಇದೇ ಹೆಸರು.

ಕೆಸುವಿನ ಗದ್ದೆಯಲ್ಲಿ ವಿಡಿಯೋ ತೆಗೆಯಿರಿ. ಅದಕ್ಕೆ ಅಲ್ಲಿ ಲೊಇ ಅಂತಾರೆ. ಹೊಳೆಯ ನೀರು ಕಾಲುವೆಯಲ್ಲಿ ಬಂದು, ಗದ್ದೆಯಿಂದ ಗದ್ದೆಗೆ ಇಳಿದು, ಮತ್ತೆ ಹೊಳೆಗೇ ಸೇರುತ್ತದೆ. ಮೇಲಿನವರು ಜಾಸ್ತಿ ನೀರು ಹಿಡಿದರೆ ಕೆಳಗಿನ ಗದ್ದೆ ಒಣಗುತ್ತದೆ. ನೀರು ಬೇಕಾದವರು ಕಾಲುವೆಯ ಹೂಳೆತ್ತಲೂ ಬರಬೇಕು. ಕುಲೆಯಾನ ಅಂದ್ರೆ ಇದೇ ಅಲ್ವಾ? ಮೊಣಕಾಲುದ್ದ ಕೆಸರಲ್ಲಿ ನಿಂತು ಕಳೆ ಕೀಳುವ ಕೈಗಳನ್ನು ಹತ್ತಿರದಿಂದ ತೋರಿಸಿ. ಎಲೆಯ ಮೇಲೆ ಉರುಳುವ ನೀರಿನ ಹನಿಯನ್ನೂ ಬಿಡಬೇಡಿ.

ಹವಾಯಿಯವರಿಗೆ ಕೆಸು ಬರೀ ಬೆಳೆಯಲ್ಲ, ಅಣ್ಣ. ಜೀವವಿಲ್ಲದೆ ಹುಟ್ಟಿದ ಮೊದಲ ಮಗುವನ್ನು ಹೂತ ಜಾಗದಲ್ಲಿ ಕೆಸು ಚಿಗುರಿತು, ಆಮೇಲೆ ಹುಟ್ಟಿದ ತಮ್ಮ ಹಾಲೋವಾನಿಂದ ಮನುಷ್ಯರು ಬಂದರು ಅಂತ ಅವರ ಕಥೆ. ನಿಮ್ಮ ಮನೆಯಲ್ಲಿ ಪತ್ರೊಡೆ ಮಾಡುವುದಿದ್ದರೆ ಆ ಎಲೆ ಮಗಳಿಗೆ ಪರಿಚಯವೇ. ಆದರೆ ಈ ಕಥೆಯನ್ನು ಅವಳು ಹೇಳುವುದಕ್ಕಿಂತ, ಗದ್ದೆಯ ಹಿರಿಯರೊಬ್ಬರನ್ನು ಕೇಳಿ, ಅವರು ಒಪ್ಪಿದರೆ ಅವರ ದನಿಯಲ್ಲೇ ರೆಕಾರ್ಡ್ ಮಾಡಿ.