ಆರು ವಾರಗಳಲ್ಲಿ ಆ ನೆಲವನ್ನು ಉಜ್ಜಿಸಬೇಡಿ

ನಿಮ್ಮ ಊಟದ ಕೋಣೆಯ ನೆಲದ ಓಕ್ ಮರದ ಹಲಗೆಗಳು ಅಂಚಿನಲ್ಲಿ ಎದ್ದುಕೊಂಡಿವೆ, ಗೃಹಪ್ರವೇಶಕ್ಕೆ ಆರು ವಾರ ಉಳಿದಿದೆ, ಯಂತ್ರದಿಂದ ಉಜ್ಜಿಸಿ (ಸ್ಯಾಂಡಿಂಗ್) ಪಾಲಿಶ್ ಮಾಡಿಸುವುದೋ ಕಿತ್ತು ವಿನೈಲ್ ಎಂಬ ಪ್ಲಾಸ್ಟಿಕ್ ಹಾಸು ಹಾಕಿಸುವುದೋ ಎಂದು ನೀವು ಕೇಳಿದ್ದೀರಿ. ಓದುತ್ತಿದ್ದಂತೆ ನನಗೆ 2014ರ ಬೇಸಿಗೆ ಕಣ್ಣಮುಂದೆ ಬಂತು. ಕೋಣೆ ಅದೇ, ಮರ ಅದೇ, ಅವಸರವೂ ಅದೇ.

ಆ ಜೂನ್‌ನಲ್ಲಿ ನಾವು ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ 1928ರಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡೆವು. ಹಿಂದಿನವರು ಹಾಸಿದ್ದ ಕಾರ್ಪೆಟ್ಟನ್ನು ಎತ್ತಿದಾಗ ಕೆಳಗೆ ಎರಡೂಕಾಲು ಇಂಚು ಅಗಲದ, ಮುಕ್ಕಾಲು ಇಂಚು ದಪ್ಪದ ರೆಡ್ ಓಕ್ ಪಟ್ಟಿಗಳು ಕಂಡವು. ಒಂದರ ಅಂಚಿನ ನಾಲಿಗೆ ಪಕ್ಕದ ಪಟ್ಟಿಯ ತೋಡಿನಲ್ಲಿ ಕೂತು, ಮೊಳೆಗಳು ಕಣ್ಣಿಗೆ ಬೀಳದಂತೆ ಹೊಡೆದ ಅಚ್ಚುಕಟ್ಟಾದ ಕೆಲಸ. ಹಾಲ್‌ನಲ್ಲಿ ನೆಲ ಚೆನ್ನಾಗಿಯೇ ಇತ್ತು. ಊಟದ ಕೋಣೆಯಲ್ಲಿ ಮಾತ್ರ, ಸಂಜೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಹಲಗೆಯ ಎರಡೂ ಅಂಚು ಬೆಳಗಿ ನಡುವೆ ನೆರಳು ನಿಲ್ಲುತ್ತಿತ್ತು. ಬರಿಗಾಲಿನಲ್ಲಿ ನಡೆದರೆ ಅಂಗಾಲಿಗೆ ಏಣುಗಳು ಒಂದೊಂದಾಗಿ ತಾಗುತ್ತಿದ್ದವು. ತೊಂಬತ್ತು ವರ್ಷಕ್ಕೆ ಹತ್ತಿರವಾದ ಮರ, ವಯಸ್ಸಾಗಿ ಹೀಗಾಗಿದೆ ಎಂದುಕೊಂಡೆ. ಅಲ್ಲಿಂದಲೇ ತಪ್ಪು ಶುರುವಾಯಿತು.

ಶ್ರಾವಣದಲ್ಲಿ, ಆಗಸ್ಟ್‌ನ ಮೂರನೆಯ ವಾರ ಗೃಹಪ್ರವೇಶಕ್ಕೆ ಮುಹೂರ್ತ ನಿಗದಿಯಾಗಿತ್ತು. ಅರವತ್ತು ಜನರನ್ನು ಕರೆದಿದ್ದೆವು. ಅಮ್ಮ ತೀರ್ಥಹಳ್ಳಿಯಿಂದ ಹೊರಡುವ ಮುಂಚೆ ಫೋನ್‌ನಲ್ಲಿ ನೆಲದ ವಿಷಯ ಹೇಳಿದಾಗ ಅವಳು ತಕ್ಷಣ, "ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ನಮ್ಮ ಆಚಾರರು ಕೀಸುಳಿ ಮುಟ್ಟುತ್ತಿದ್ದರೇನೋ? ದೀಪಾವಳಿ ಕಳೆಯಲಿ, ಆಮೇಲೆ ನೋಡುವ ಅನ್ನುತ್ತಿದ್ದರು" ಎಂದಳು. ಮಲೆನಾಡಿನ ಮನೆಗಳಲ್ಲಿ ಬೆಳೆದ ಯಾರಿಗಾದರೂ ಇದು ಗೊತ್ತು: ಆಷಾಢದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡ ಬಾಗಿಲನ್ನು ಆಗಲೇ ಕೆತ್ತಿಸಿದರೆ ಬೇಸಿಗೆಯಲ್ಲಿ ಸಂದಿನಿಂದ ಬೆಕ್ಕು ಬರುತ್ತದೆ. ನನಗೂ ಗೊತ್ತಿತ್ತು. ಆದರೆ ಅದು ಹಲಸಿನ ಮರದ ಬಾಗಿಲಿನ ಮಾತು, ಇದು ಅಮೆರಿಕದ ನೆಲದ ಮಾತು ಎಂದು ನಾನು ಅವೆರಡನ್ನೂ ಜೋಡಿಸಿ ನೋಡಲೇ ಇಲ್ಲ.

ಆಗಸ್ಟ್‌ನ ಮೊದಲ ಶನಿವಾರ ಡ್ರಮ್ ಸ್ಯಾಂಡರನ್ನು, ಅಂದರೆ ತಿರುಗುವ ಡ್ರಮ್ಮಿಗೆ ಉಜ್ಜುಕಾಗದ ಸುತ್ತಿದ ನೆಲ ಉಜ್ಜುವ ಯಂತ್ರವನ್ನು, ಬಾಡಿಗೆಗೆ ತಂದೆ. ಯಂತ್ರ ಕೈತಪ್ಪಿ ನೆಲ ತೋಡಿಹೋದ ಕಥೆಗಳನ್ನು ನೀವು ಕೇಳಿರಬಹುದು, ನನ್ನದು ಅಂಥದ್ದಲ್ಲ. ನಾನು ಕಲಿತುಕೊಂಡೇ ಕೆಲಸಕ್ಕಿಳಿದಿದ್ದೆ. 36ನೇ ನಂಬರಿನ ಒರಟು ಉಜ್ಜುಕಾಗದದಿಂದ ಮೊದಲ ಸುತ್ತು ಓರೆಯಾಗಿ, ಬಳಿಕ ಇನ್ನೂ ನಯವಾದ 60, ಆಮೇಲೆ 100, ಮರದ ಎಳೆಯ ಉದ್ದಕ್ಕೆ. ಯಂತ್ರ ಚಲಿಸುತ್ತಿರುವಾಗ ಮಾತ್ರ ಡ್ರಮ್ಮನ್ನು ನೆಲಕ್ಕೆ ಇಳಿಸುವುದು, ನಿಲ್ಲುವ ಮುಂಚೆಯೇ ಎತ್ತುವುದು. ಭಾನುವಾರ ಸಂಜೆಯ ಹೊತ್ತಿಗೆ ಏಣುಗಳೆಲ್ಲ ಹೋಗಿ ನೆಲ ಗಾಜಿನಂತೆ ಸಮವಾಯಿತು. ಮೂರು ಕೋಟ್ ಪಾಲಿಯುರೆಥೇನ್ ವಾರ್ನಿಷ್ ಹಚ್ಚಿದೆ. ಗೃಹಪ್ರವೇಶದ ದಿನ ಬಂದವರೆಲ್ಲ ನೆಲವನ್ನು ಮುಟ್ಟಿ ನೋಡಿದರು.

2015ರ ಜನವರಿಯ ಕೊನೆಯಲ್ಲಿ ಭಾರೀ ಹಿಮ ಬಿದ್ದು ಮೂರು ದಿನ ಮನೆಯಲ್ಲೇ ಉಳಿದಿದ್ದೆವು. ಮನೆಯನ್ನು ಬಿಸಿಮಾಡುವ ಫರ್ನೇಸ್ ಹಗಲೂ ರಾತ್ರಿಯೂ ಓಡುತ್ತಿತ್ತು. ಒಂದು ಸಂಜೆ ಹಿಮದ ಮೇಲಿಂದ ಪ್ರತಿಫಲಿಸಿದ ಬೆಳಕು ಊಟದ ಕೋಣೆಗೆ ಬಂದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಪಟ್ಟೆಗಳು ಮರಳಿ ಬಂದಿದ್ದವು, ಆದರೆ ತಿರುಗುಮುರುಗಾಗಿ: ಈಗ ಪ್ರತಿ ಹಲಗೆಯ ನಡುಭಾಗ ಬೆಳಗುತ್ತಿತ್ತು, ಅಂಚುಗಳು ನೆರಳಿನಲ್ಲಿ ಇಳಿದಿದ್ದವು. ಕೈಯಾಡಿಸಿದರೆ ಬಿದಿರಿನ ತಟ್ಟಿಯ ಮೇಲೆ ಕೈಯಾಡಿಸಿದ ಹಾಗಿತ್ತು.

ಆದದ್ದೇನೆಂದು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ನಿರ್ಧಾರ ಇದೊಂದರ ಮೇಲೆಯೇ ನಿಂತಿದೆ. ಮರ ತೇವ ಹೀರಿದಾಗ ಉದ್ದಕ್ಕೆ ಹೆಚ್ಚೂಕಡಿಮೆ ಬೆಳೆಯುವುದೇ ಇಲ್ಲ, ಅಡ್ಡಕ್ಕೆ ಬೆಳೆಯುತ್ತದೆ. ರೆಡ್ ಓಕ್‌ನಲ್ಲಿ ತೇವಾಂಶ ಶೇಕಡಾ 4 ಅಂಶದಷ್ಟು ಏರಿದರೆ, ಯಾವ ತಡೆಯೂ ಇಲ್ಲದಿದ್ದಲ್ಲಿ, 12 ಅಡಿ ಅಗಲದ ನೆಲ ಸುಮಾರು 2 ಇಂಚು ಹಿಗ್ಗಬಲ್ಲದು. ತೇವ ಮೇಲಿನಿಂದ ಬರದೆ ನೆಲದಡಿಯಿಂದ ಬಂದಾಗ ಹಲಗೆಯ ತಳ ಹಿಗ್ಗುತ್ತದೆ, ಮೇಲ್ಮೈ ಒಣಗಿಯೇ ಇರುತ್ತದೆ. ತಳ ಅಗಲವಾಗಿ ಮೇಲ್ಭಾಗ ಹಾಗೇ ಉಳಿದರೆ ಹಲಗೆ ಬಟ್ಟಲಿನಂತೆ ಬಾಗಿ ಅಂಚುಗಳು ಮೇಲಕ್ಕೆ ಏಳುತ್ತವೆ. ನೀವು ಈಗ ನೋಡುತ್ತಿರುವುದು ಇದೇ. ಇದು ಮರದ ಮುಪ್ಪಲ್ಲ, ಸವೆತವೂ ಅಲ್ಲ; ತಳ ಒಣಗಿದರೆ ಬಹಳಷ್ಟು ಮಟ್ಟಿಗೆ ತಾನಾಗಿಯೇ ಇಳಿಯುವ ಬಾಗು. ನಾನು ಬಾಗಿದ ಹಲಗೆಯ ಎದ್ದ ಅಂಚುಗಳನ್ನು ತರಿದುಬಿಟ್ಟೆ. ಆ ಕ್ಷಣದಲ್ಲಿ ನೆಲ ಸಮವಾಗಿ ಕಂಡಿತು, ಆದರೆ ಆ ಹೊತ್ತಿಗೆ ಪ್ರತಿ ಹಲಗೆಯೂ ನಡುವೆ ದಪ್ಪವಾಗಿ ಅಂಚಿನಲ್ಲಿ ತೆಳುವಾಗಿಹೋಗಿತ್ತು. ಚಳಿಗಾಲದಲ್ಲಿ ತಳ ಒಣಗಿ ಹಲಗೆ ತನ್ನ ಮೂಲ ಆಕಾರಕ್ಕೆ ಮರಳಿದಾಗ, ನಾನು ತರಿದ ಅಂಚುಗಳು ತಗ್ಗಿಗಿಳಿದು ನಡುಭಾಗ ಉಬ್ಬಾಗಿ ನಿಂತಿತು. ಬಾಗಿದ್ದ ನೆಲ ಕಾಯುವುದರಿಂದ ಸರಿಹೋಗುತ್ತಿತ್ತು. ನಾನು ಮಾಡಿಟ್ಟ ನೆಲಕ್ಕೆ ಎಷ್ಟು ಕಾದರೂ ಹೋದ ಮರ ವಾಪಸು ಬರುವುದಿಲ್ಲ.

ತೇವ ಎಲ್ಲಿಂದ ಬಂತು? ನಮ್ಮ ಊಟದ ಕೋಣೆಯ ಅಡಿಯಲ್ಲಿ ಪೂರ್ತಿ ಬೇಸ್‌ಮೆಂಟ್ ಇರಲಿಲ್ಲ. ತೆವಳಿಕೊಂಡು ಹೋಗಬೇಕಾದ ತಗ್ಗಿನ ಜಾಗವಿತ್ತು, ನೆಲ ಬರೀ ಮಣ್ಣು. ಟಾರ್ಚ್ ಹಿಡಿದು ಒಳಗೆ ಹೋದಾಗ ಮಣ್ಣಿಗೆ ಊರಿದ ಅಂಗೈ ತೇವವಾಯಿತು. ಹೊರಗಡೆ ಸೂರಿನ ನೀರಿಳಿಯುವ ಪೈಪು ಸರಿಯಾಗಿ ಅದೇ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಆಗಸ್ಟ್‌ನಲ್ಲಿ ನಾನು ಒಂದು ಸಲ ಅಲ್ಲಿಗೆ ತೆವಳಿದ್ದರೆ ಸಾಕಿತ್ತು. 50 ಡಾಲರಿನೊಳಗೆ ಸಿಗುವ ಸಾಧಾರಣ ತೇವಾಂಶದ ಮೀಟರ್ ಕೊಂಡಿದ್ದರೂ ಸಾಕಿತ್ತು.

ಮಾರ್ಚ್‌ನಲ್ಲಿ ಮನೆಗೆ ಬಂದ ಹಿರಿಯ ಕೆಲಸಗಾರರೊಬ್ಬರು ನೆಲವನ್ನು ನೋಡಲೇ ಇಲ್ಲ. ಬಿಸಿಗಾಳಿ ಬರುವ ಕಿಂಡಿಯ ಜಾಲರಿಯನ್ನು ಎತ್ತಿ, ಅಲ್ಲಿ ಕತ್ತರಿಸಿದ ಹಲಗೆಯ ತುದಿಯನ್ನು ನನಗೆ ತೋರಿಸಿದರು. ಇದನ್ನು ನೀವು ಇವತ್ತೇ ಮಾಡಬಹುದು. ಅಲ್ಲಿ ಹಲಗೆಯ ಅಡ್ಡಕೊಯ್ತ ಕಾಣುತ್ತದೆ, ನಾಲಿಗೆಯ ಮೇಲೆ ಎಷ್ಟು ಮರ, ಅಂದರೆ ಉಜ್ಜಲು ಎಷ್ಟು ಮರ, ಉಳಿದಿದೆ ಎಂದು ಅಳೆಯಬಹುದು. ಹೊಸ ಹಲಗೆಯಲ್ಲಿ ಅದು ಕಾಲು ಇಂಚಿನಷ್ಟು ಇರುತ್ತದೆ. ಸಾಧಾರಣವಾಗಿ ಒಮ್ಮೆ ಪೂರ್ತಿ ಉಜ್ಜಿದರೆ ಒಂದು ಇಂಚಿನ ಮೂವತ್ತೆರಡನೇ ಒಂದು ಭಾಗ ಹೋಗುತ್ತದೆ. ಎದ್ದ ಅಂಚುಗಳನ್ನು ಸಮ ಮಾಡಲು ಹೊರಟರೆ ಅದರ ಎರಡರಷ್ಟು ಮೂರರಷ್ಟು ಹೋಗುತ್ತದೆ. ನಮ್ಮ ನೆಲವನ್ನು ನನಗಿಂತ ಮುಂಚೆಯೂ ಯಾರೋ ಉಜ್ಜಿಸಿದ್ದರು. ಆ ಹಿರಿಯ ಕೆಲಸಗಾರರು ಜೇಬಿನಿಂದ ಒಂದು ಕ್ವಾರ್ಟರ್ (ಕಾಲು ಡಾಲರ್) ನಾಣ್ಯ ತೆಗೆದು ಹಲಗೆಯ ತುದಿಗೆ ಒರಗಿಸಿ ಹಿಡಿದರು. ಗೋಡೆಯ ಬದಿಯ ಹಲಗೆಗಳಲ್ಲಿ ನಾಲಿಗೆಯ ಮೇಲೆ ಉಳಿದಿದ್ದದ್ದು ಆ ನಾಣ್ಯದ ದಪ್ಪದಷ್ಟೇ. ಕೆಲವೆಡೆ ತೋಡಿನ ಮೇಲಿನ ತುಟಿ ಸಿಬಿರು ಸಿಬಿರಾಗಿ ಏಳತೊಡಗಿತ್ತು.

ಮುಂದಿನದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಪೈಪಿಗೆ ತುಂಡು ಜೋಡಿಸಿ ನೀರನ್ನು ಗೋಡೆಯಿಂದ ಆರು ಅಡಿ ಆಚೆ ಬಿಟ್ಟೆವು, ಮಣ್ಣಿನ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ ಗೋಡೆಯಂಚಿಗೆ ಅಂಟಿಸಿದೆವು, ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಇಟ್ಟೆವು. ಆ ಇಡೀ ವರ್ಷ ನೆಲವನ್ನು ಮುಟ್ಟದೆ, ತಿಂಗಳಿಗೊಮ್ಮೆ ಓಕ್‌ನ ತೇವಾಂಶವನ್ನೂ ಅದನ್ನು ಹೊತ್ತ ಪೈನ್ ಅಡಿಹಲಗೆಯ ತೇವಾಂಶವನ್ನೂ ಬರೆದಿಟ್ಟೆ. 2016ರ ಮೇ ತಿಂಗಳಲ್ಲಿ ಆ ಹಿರಿಯರು ನಲವತ್ತಕ್ಕೂ ಹೆಚ್ಚು ಹಲಗೆಗಳನ್ನು ಬಿಡಿಸಿ, ಕೆಡವಿದ ಮನೆಗಳಿಂದ ತಂದ ಹಳೆಯ ಓಕ್ ಹಲಗೆಗಳನ್ನು ನೇಯ್ದಂತೆ ಕೂರಿಸಿ, ಉಳಿದದ್ದನ್ನು ಬಲು ಹಗುರವಾಗಿ ಉಜ್ಜಿದರು. ನಾನು ಎರಡು ದಿನದಲ್ಲಿ ಕೆಡಿಸಿದ್ದಕ್ಕೆ ಮೂರು ಸಾವಿರ ಡಾಲರ್ ಮೇಲಾಯಿತು. ಆ ನೆಲವನ್ನು ಇನ್ನು ಯಾರೂ ಉಜ್ಜಿಸುವಂತಿಲ್ಲ. ನನ್ನ ಮಗಳ ಕಾಲಕ್ಕೂ ಉಳಿಯಬೇಕಾಗಿದ್ದ ಮರ ಧೂಳಾಗಿ ಚೀಲ ಸೇರಿತಲ್ಲ ಎಂಬ ನೋವು ಈಗಲೂ ಇದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಮುಂದಿಟ್ಟಿರುವ ಎರಡು ದಾರಿಗಳನ್ನೂ ನಾನು ಒಪ್ಪುವುದಿಲ್ಲ. ನಿಮ್ಮ ಸಮಸ್ಯೆ ನೆಲದ್ದಲ್ಲ, ನೀರಿನದ್ದು. ಉಜ್ಜಿಸಿದರೆ ನನ್ನ ಗತಿ. ವಿನೈಲ್ ಹಾಕಿಸಿದರೆ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ವಿನೈಲ್‌ನ ಮೂಲಕ ತೇವ ಮೇಲಕ್ಕೆ ಹೋಗುವುದಿಲ್ಲ. ಕೆಳಗಿನಿಂದ ಬಂದದ್ದೆಲ್ಲ ಅದರಡಿಯಲ್ಲೇ ನಿಂತು ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಅಡಿಯ ಹಲಗೆಗಳು ಕೊಳೆಯುತ್ತವೆ. ಓಕನ್ನು ಕಿತ್ತು ಹೊಸ ಓಕ್ ಹಾಕಿಸಿದರೂ ಅದೇ ತೇವ ಅದನ್ನೂ ಬಾಗಿಸುತ್ತದೆ. ಜೊತೆಗೆ 1930ರ ಕಾಲದ ನಿಮ್ಮ ಮನೆಯ ಇತರ ಕೋಣೆಗಳಲ್ಲಿ ಏನನ್ನಾದರೂ ಕೀಳಿಸುವಾಗ ಒಂಬತ್ತು ಇಂಚಿನ ಚದರ ಟೈಲ್‌ಗಳೋ ಕಪ್ಪು ಅಂಟೋ ಕಂಡರೆ ಅಲ್ಲಿಗೇ ನಿಲ್ಲಿಸಿ, ಆಸ್ಬೆಸ್ಟಾಸ್ (ಉಸಿರಿನೊಳಗೆ ಹೋದರೆ ಅಪಾಯಕಾರಿಯಾದ ಖನಿಜದ ನಾರು) ಇದೆಯೇ ಎಂದು ಪರೀಕ್ಷೆ ಮಾಡಿಸಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ನಿಮಗೆ ಎರಡು ವರ್ಷದ ಮಗುವಿದೆ ಎಂದು ಬರೆದಿದ್ದೀರಿ, ಆದ್ದರಿಂದ ಆ ಧೂಳಿನ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ತೋರಬೇಡಿ.

ಕೆಲಸದವರು "ಎರಡು ವಾರ ಫ್ಯಾನ್ ಇಡಿ, ಒಣಗುತ್ತದೆ" ಎಂದರೆ ನಂಬಬೇಡಿ. ಫ್ಯಾನ್ ಒಣಗಿಸುವುದು ಮೇಲ್ಮೈಯನ್ನು, ನಿಮಗೆ ಬೇಕಾದದ್ದು ತಳ ಒಣಗುವುದು. ಮೇಲ್ಮೈ ಇನ್ನಷ್ಟು ಒಣಗಿದರೆ ಬಾಗು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಮೀಟರ್ ತೋರಿಸದ ಕೆಲಸಗಾರರಿಗೆ ಆ ಕೋಣೆಯನ್ನು ಕೊಡಬೇಡಿ. ಮೂರು ಇಂಚಿಗಿಂತ ಕಿರಿದಾದ ಪಟ್ಟಿಗಳಾದರೆ ಓಕ್‌ಗೂ ಅಡಿಹಲಗೆಗೂ ತೇವಾಂಶದ ಅಂತರ ಶೇಕಡಾ 4 ಅಂಶದೊಳಗಿರಬೇಕು, ಅಗಲ ಹಲಗೆಗಳಾದರೆ 2ರೊಳಗೆ. ಅದು ಒಂದು ದಿನದ ಅಳತೆಯಲ್ಲಿ ಅಲ್ಲ, ಕೆಲವು ತಿಂಗಳು ಹಾಗೆಯೇ ನಿಲ್ಲಬೇಕು. ಒಂದು ಚಳಿಗಾಲ ಕಳೆದ ಮೇಲೆ ಬಾಗು ಎಷ್ಟು ಉಳಿದಿದೆ ನೋಡಿ. ಬಹುಶಃ ನಿಮಗೆ ಹಗುರವಾದ ಉಜ್ಜುವಿಕೆ ಸಾಕಾದೀತು. ಮೆರುಗು ಮಾತ್ರ ಸವೆದಿದ್ದರೆ ಮರವನ್ನೇ ಮುಟ್ಟದೆ ಮೇಲ್ಪದರವನ್ನು ತುಸು ಒರಟು ಮಾಡಿ ಇನ್ನೊಂದು ಕೋಟ್ ಹಚ್ಚಿದರೂ ಆದೀತು.

ಗೃಹಪ್ರವೇಶವನ್ನು ಮುಂದೂಡಬೇಡಿ. ಹಾಲುಕ್ಕಿಸಲು ನೆಲ ಹೊಳೆಯಬೇಕಾಗಿಲ್ಲ. ಊಟದ ಕೋಣೆಗೆ ಜಮಖಾನ ಹಾಸಿ, ಹೋಮವಿದ್ದರೆ ಗಟ್ಟಿಯಾದ ಪ್ಲೈವುಡ್ ಹಲಗೆಯ ಮೇಲೆ ಇಟ್ಟಿಗೆಯ ಎರಡು ಸಾಲು, ಅದರ ಮೇಲೆ ಮರಳು ತುಂಬಿದ ತಟ್ಟೆ, ಆಮೇಲೆ ಕುಂಡ ಇಡಿ, ನೆಲಕ್ಕೆ ತಾಗುವ ಬಿಸಿ ಬಹಳ ಕಡಿಮೆಯಾಗುತ್ತದೆ. ಬಂದವರು ನಿಮ್ಮನ್ನು ನೋಡಲು ಬರುತ್ತಾರೆ.

ಆ ಕೋಣೆಯ ಕೆಳಗೆ ಏನಿದೆ ಎಂದು ನೀವು ಬರೆದಿಲ್ಲ. ಬೇಸ್‌ಮೆಂಟೋ, ಮಣ್ಣಿನ ತಗ್ಗೋ, ಪಕ್ಕದ ಅಡುಗೆಮನೆಯಿಂದ ಡಿಶ್‌ವಾಷರ್ ಪೈಪು ಅದರಡಿ ಹಾಯುತ್ತದೆಯೋ ನೋಡಿ ತಿಳಿಸಿ. ಮುಂದಿನ ಮಳೆ ಬಂದಾಗ ಕೊಡೆ ಹಿಡಿದು ಹೊರಗೆ ಹೋಗಿ, ಸೂರಿನ ನೀರು ಆ ಗೋಡೆಯಿಂದ ಎಷ್ಟು ಅಡಿ ದೂರದಲ್ಲಿ ಬೀಳುತ್ತಿದೆ ಎಂಬುದನ್ನೂ ನೋಡಿಕೊಂಡು ಬನ್ನಿ.