‘ದೇವರು ನಿಮ್ಮನ್ನು ಸಿದ್ಧಗೊಳಿಸುತ್ತಿದ್ದಾನೆ’ ಎಂದರೆ ಸುಮ್ಮನೆ ಕಾಯುವುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಕೆಲವು ವರ್ಷಗಳ ಹಿಂದೆ ದೀಕ್ಷಾಸ್ನಾನ ಪಡೆದಿದ್ದೀರಿ. ಪೂರ್ಣಾವಧಿ ಸೇವೆಗೆ ಇಳಿಯಬೇಕೆಂಬ ಆಸೆ ಇದೆ. ಸಭಾಪಾಲಕರು (ಚರ್ಚಿನ ಪಾಸ್ಟರ್) ಮಾತ್ರ ‘ಇನ್ನೂ ಕಾಯಿರಿ, ದೇವರು ನಿಮ್ಮನ್ನು ಸಿದ್ಧಗೊಳಿಸುತ್ತಿದ್ದಾನೆ’ ಎನ್ನುತ್ತಾರೆ. ಈ ನಡುವೆ ವೈಟ್‌ಫೀಲ್ಡಿನಲ್ಲಿದ್ದ ಕೆಲಸ ಹೋಯಿತು, ಕಂಪನಿ ಬಾಕಿ ಸಂಬಳವನ್ನೂ ಕೊಡಲಿಲ್ಲ. ಅದಕ್ಕೂ ಪ್ರಾರ್ಥನಾ ಗುಂಪಿನವರು ಅದೇ ಮಾತು ಹೇಳಿದರು. ಹಾಗಾದರೆ ತಾಳ್ಮೆಯೆಂದರೆ ಬಾಯಿ ಮುಚ್ಚಿಕೊಂಡು ಕೂರುವುದೇ, ಸಿದ್ಧತೆ ಮುಗಿಯಿತೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ನಾನು ಇದೇ ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕನ್ಫರ್ಮೇಷನ್ (ನಂಬಿಕೆಯನ್ನು ತಾವಾಗಿ ದೃಢಪಡಿಸುವ ವಿಧಿ) ತರಗತಿಯ ಮಕ್ಕಳಿಗೆ ಪಾಠ ಹೇಳುವ ಸಾಮಾನ್ಯ ಸದಸ್ಯ. ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಸಂಬಳದ ಮಾತಿನಿಂದಲೇ ಆರಂಭಿಸುತ್ತೇನೆ. ತಾಳ್ಮೆಯ ಪ್ರಸಂಗಕ್ಕೆ ನಮ್ಮಲ್ಲಿ ಹೆಚ್ಚಾಗಿ ತೆರೆಯುವುದು ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದ ಏಳನೆಯ ವಚನವನ್ನು. ರೈತನು ಮುಂಗಾರು ಹಿಂಗಾರು ಮಳೆಗಳಿಗಾಗಿ ಕಾಯುವಂತೆ ಕರ್ತನ ಬರೋಣದ ತನಕ ನೀವೂ ಕಾಯಿರಿ ಎಂಬ ಮಾತು ಅದು. ಅದಕ್ಕಿಂತ ಮೊದಲಿನ ಆರು ವಚನಗಳನ್ನು ಯಾರೂ ಅಷ್ಟಾಗಿ ಓದುವುದಿಲ್ಲ. ಅಲ್ಲಿ ಯಾಕೋಬನು ಹೊಲ ಕೊಯ್ದ ಆಳುಗಳ ಕೂಲಿಯನ್ನು ಕೊಡದೆ ಹಿಡಿದಿಟ್ಟುಕೊಂಡ ಧನಿಕರ ಮೇಲೆ ಕಿಡಿಕಾರುತ್ತಾನೆ. ಆ ಕೂಲಿಯೇ ಕೂಗಿಕೊಳ್ಳುತ್ತಿದೆ, ಕೊಯ್ದವರ ಮೊರೆ ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಎನ್ನುತ್ತಾನೆ. ಇಷ್ಟನ್ನು ಹೇಳಿದ ಮೇಲೆಯೇ ‘ಆದಕಾರಣ’ ಎಂದು ಸಹೋದರರತ್ತ ತಿರುಗಿ ತಾಳ್ಮೆಯ ಮಾತನ್ನು ಆಡುವುದು. ಅಂದರೆ ಆ ಉಪದೇಶ ಹುಟ್ಟಿದ್ದು ಕೂಲಿ ಸಿಗದವರ ಮೊರೆಯ ಪಕ್ಕದಲ್ಲಿ. ಅನ್ಯಾಯವನ್ನು ಅನ್ಯಾಯವೆಂದೇ ಹೆಸರಿಟ್ಟು ಕರೆದ ಬಾಯಿಯೇ ತಾಳ್ಮೆಯನ್ನೂ ಕಲಿಸುತ್ತಿದೆ. ನಿಮ್ಮ ಸಂಬಳ ನುಂಗಿದ್ದನ್ನು ‘ದೇವರ ತರಬೇತಿ’ ಎಂದು ಕರೆಯುವ ಧೈರ್ಯ ಯಾಕೋಬನಿಗೆ ಇರಲಿಲ್ಲ, ನಮಗೂ ಇರಬಾರದು.

ಆದ್ದರಿಂದ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಹೋಗಿ. ನಿಮ್ಮ ದೂರನ್ನು ಯಾವ ಅಧಿಕಾರಿಗೆ, ಯಾವ ರೀತಿ ಕೊಡಬೇಕೆಂದು ವಿಚಾರಿಸಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬ್ಯಾಂಕಿನ ವಿವರ ಎಲ್ಲವನ್ನೂ ಜೋಡಿಸಿಟ್ಟುಕೊಳ್ಳಿ, ಒಬ್ಬ ವಕೀಲರನ್ನೂ ಕೇಳಿ. ಇದರಿಂದ ನಿಮ್ಮ ನಂಬಿಕೆಗೆ ಯಾವ ಕುಂದೂ ಬರುವುದಿಲ್ಲ. ಅಪೊಸ್ತಲನಾದ ಪೌಲನು ಕೈಸರೈಯ ಪಟ್ಟಣದಲ್ಲಿ ಎರಡು ವರ್ಷ ಸೆರೆಯಲ್ಲಿದ್ದನು. ದೇಶಾಧಿಪತಿ ಫೇಲಿಕ್ಸನು ಲಂಚ ಸಿಕ್ಕೀತೆಂದು ಆಗಾಗ ಕರೆಸಿ ಮಾತನಾಡುತ್ತಿದ್ದನೇ ಹೊರತು ಬಿಡುಗಡೆ ಮಾಡಲಿಲ್ಲ. ಪೌಲನು ಲಂಚವನ್ನೂ ಕೊಡಲಿಲ್ಲ, ಸುಮ್ಮನೆಯೂ ಇರಲಿಲ್ಲ. ಫೇಲಿಕ್ಸನ ನಂತರ ಬಂದ ಫೆಸ್ತನ ಮುಂದೆ ರೋಮಿನ ಪ್ರಜೆಗಿದ್ದ ಹಕ್ಕನ್ನು ಹಿಡಿದು ನೇರವಾಗಿ ಚಕ್ರವರ್ತಿಗೇ ಮನವಿ ಮಾಡಿಕೊಂಡನು. ಯೋಸೇಫನೂ ಹಾಗೆಯೇ. ಮಾಡದ ತಪ್ಪಿಗೆ ಸೇರಿದ್ದ ಐಗುಪ್ತದ ಸೆರೆಮನೆಯಲ್ಲಿ, ಅರಸ ಫರೋಹನ ಪಾನದಾಯಕನ ಕನಸಿನ ಅರ್ಥ ಹೇಳಿದ ಕೂಡಲೇ, ನಿನಗೆ ಒಳ್ಳೆಯದಾದಾಗ ನನ್ನನ್ನು ನೆನಪಿಸಿಕೋ, ಫರೋಹನಿಗೆ ಹೇಳಿ ನನ್ನನ್ನು ಇಲ್ಲಿಂದ ಬಿಡಿಸು, ನಾನು ತಪ್ಪು ಮಾಡಿದವನಲ್ಲ ಎಂದು ಸ್ಪಷ್ಟವಾಗಿ ಕೇಳಿಕೊಂಡನು. ಪಾನದಾಯಕನು ಮರೆತುಬಿಟ್ಟನು, ಮತ್ತೆ ಎರಡು ವರ್ಷ ಕಳೆದವು. ಹದಿನೇಳರ ಹುಡುಗನಾಗಿದ್ದಾಗ ನಮಗೆ ಮೊದಲು ಕಾಣಸಿಗುವ ಯೋಸೇಫನು ಫರೋಹನ ಮುಂದೆ ನಿಂತಾಗ ಮೂವತ್ತು ವರ್ಷದವನು. ಆ ವರ್ಷಗಳಲ್ಲಿ ಅವನು ಹೊರಬರುವ ದಾರಿಯನ್ನು ಹುಡುಕಿದನು, ದಾರಿ ಸಿಗದ ದಿನಗಳಲ್ಲಿ ಸೆರೆಮನೆಯ ಕೆಲಸವನ್ನು ಚೆನ್ನಾಗಿ ಮಾಡಿದನು. ನನಗೆ ತಿಳಿದ ಮಟ್ಟಿಗೆ ಬೈಬಲಿನ ತಾಳ್ಮೆ ಈ ಎರಡೂ ಸೇರಿದ್ದು.

ದೇವರ ಮುಂದೆ ಗೊಣಗುವುದೂ ತಾಳ್ಮೆಗೆಟ್ಟ ಲಕ್ಷಣವಲ್ಲ. ಅದೇ ಅಧ್ಯಾಯದಲ್ಲಿ ಯಾಕೋಬನು ತಾಳ್ಮೆಗೆ ಮಾದರಿಯಾಗಿ ಯೋಬನನ್ನು ತೋರಿಸುತ್ತಾನೆ. ಹುಟ್ಟಿದ ದಿನವನ್ನೇ ಶಪಿಸಿ, ಅಧ್ಯಾಯಗಟ್ಟಲೆ ದೇವರೊಡನೆ ವಾದಿಸಿದ ಯೋಬ! ಅವನು ದೇವರನ್ನು ಬಿಟ್ಟು ಬೇರೆ ಕಡೆಗೆ ಮುಖ ತಿರುಗಿಸಲಿಲ್ಲ, ಅಷ್ಟೇ. ಹದಿಮೂರನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಬಾರಿ ಬರುತ್ತದೆ. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿದುಹೋಗುತ್ತದೆ, ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಇಂಥ ಪ್ರಾರ್ಥನೆಗಳನ್ನು ದೇವರೇ ತನ್ನ ಗ್ರಂಥದಲ್ಲಿ ಉಳಿಸಿಕೊಂಡಿದ್ದಾನೆ. ಪ್ರಾರ್ಥನಾ ಗುಂಪಿನಲ್ಲಿ ‘ಸ್ತೋತ್ರ’ ಎನ್ನಲು ಬಾಯಿ ಬರದ ದಿನ ಇವನ್ನು ಓದಿ. ಆ ಅಳುವೂ ಆರಾಧನೆಯೇ.

ನಿಜವಾದ ತಾಳ್ಮೆಗೇಡು ಎಲ್ಲಿರುತ್ತದೆ ಎಂಬುದಕ್ಕೆ ಇಸ್ರಾಯೇಲಿನ ಮೊದಲ ಅರಸನಾದ ಸೌಲನನ್ನು ನೋಡಿ. ತಾನು ಬಂದು ಹೋಮ ಅರ್ಪಿಸುವ ತನಕ ಗಿಲ್ಗಾಲಿನಲ್ಲಿ ಏಳು ದಿನ ಕಾಯುವಂತೆ ಪ್ರವಾದಿ ಸಮುವೇಲನು ಹೇಳಿದ್ದನು. ಎದುರಿಗೆ ಫಿಲಿಷ್ಟಿಯರ ಸೈನ್ಯ, ಹಿಂದೆ ಹೆದರಿ ಚದರಿಹೋಗುತ್ತಿದ್ದ ತನ್ನ ಜನ. ಏಳನೆಯ ದಿನವೂ ಸಮುವೇಲನು ಕಾಣಿಸದಿದ್ದಾಗ ಸೌಲನು ತಾನೇ ಸರ್ವಾಂಗಹೋಮವನ್ನು ಅರ್ಪಿಸಿದನು. ಅದು ಮುಗಿಯುತ್ತಿದ್ದಂತೆಯೇ ಸಮುವೇಲನು ಬಂದನು. ಸೌಲನು ಕುಡಿದು ಕುಣಿಯಲಿಲ್ಲ, ಯುದ್ಧ ಬಿಟ್ಟು ಓಡಲಿಲ್ಲ. ಅವನು ಮಾಡಿದ್ದು ಒಂದು ಧಾರ್ಮಿಕ ಕ್ರಿಯೆ. ಭಕ್ತಿಯ ವೇಷದಲ್ಲಿ ಬರುವ ಈ ಆತುರ ನಮ್ಮ ಊರಿನಲ್ಲಿ ಬಹಳ ಇದೆ. ಶುಕ್ರವಾರ ಒಂದು ಕಡೆ ಇಡೀ ರಾತ್ರಿಯ ಪ್ರಾರ್ಥನೆ, ಶನಿವಾರ ಇನ್ನೊಂದು ಕಡೆ ಪ್ರವಾದನೆಯ ಕೂಟ, ಭಾನುವಾರ ಮೂರನೆಯ ಸಭೆ. ಒಬ್ಬರು ‘ಮುಂದಿನ ತಿಂಗಳು ಬಾಗಿಲು ತೆರೆಯುತ್ತದೆ’ ಎಂದು ಹೇಳುವ ತನಕ ಕೂಟದಿಂದ ಕೂಟಕ್ಕೆ ಅಲೆಯುವವರನ್ನು ನೋಡಿ ನನಗೆ ಸಂಕಟವಾಗುತ್ತದೆ. ಅವರ ಹಸಿವು ನಿಜ. ಆ ಹಸಿವನ್ನು ಬಳಸಿಕೊಳ್ಳುವವರೂ ಇದ್ದಾರೆ. ದಯವಿಟ್ಟು ನೀವು ಆ ಸುತ್ತಾಟಕ್ಕೆ ಇಳಿಯಬೇಡಿ.

ಇನ್ನು ಸಿದ್ಧತೆಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ, ಮೊದಲು ಸಿದ್ಧತೆ, ಅದು ಮುಗಿದ ಮೇಲೆ ಸೇವೆ ಎಂಬ ಕಲ್ಪನೆ ಇದೆ. ಬೈಬಲಿನಲ್ಲಿ ನನಗೆ ಅಂಥ ಗೆರೆ ಕಾಣಿಸುವುದಿಲ್ಲ. ದಮಸ್ಕದ ದಾರಿಯಲ್ಲಿ ಕರ್ತನನ್ನು ಕಂಡ ಪೌಲನು ಅರಬಸ್ಥಾನಕ್ಕೆ ಹೋದನು, ಮೂರು ವರ್ಷವಾದ ಮೇಲೆ ಯೆರೂಸಲೇಮಿಗೆ ಬಂದು ಪೇತ್ರನ ಬಳಿ ಹದಿನೈದು ದಿನ ಇದ್ದನು. ಅಲ್ಲಿಂದ ಅವನನ್ನು ಹುಟ್ಟೂರಾದ ತಾರ್ಸಕ್ಕೆ ಕಳುಹಿಸಿದರು. ಮುಂದೆ ಜೊತೆಸೇವಕನಾದ ಬಾರ್ನಬನು ತಾರ್ಸಕ್ಕೆ ಹೋಗಿ ಹುಡುಕಿ ಅಂತಿಯೋಕ್ಯದ ಸಭೆಗೆ ಕರೆತಂದನು, ಅಲ್ಲಿ ಇಬ್ಬರೂ ಒಂದು ವರ್ಷ ಪೂರ್ತಿ ಜನರಿಗೆ ಕಲಿಸಿದರು. ‘ನಾನು ಕರೆದ ಕೆಲಸಕ್ಕೆ ಬಾರ್ನಬನನ್ನೂ ಸೌಲನನ್ನೂ ಬೇರ್ಪಡಿಸಿರಿ’ ಎಂಬ ಪವಿತ್ರಾತ್ಮನ ಮಾತು (ಇಲ್ಲಿ ಸೌಲನೆಂದರೆ ಪೌಲನೇ, ಅರಸನಲ್ಲ) ಬಂದದ್ದು ಆ ಸಭೆಗೆ, ಅವರು ಉಪವಾಸವಿದ್ದು ಆರಾಧಿಸುತ್ತಿದ್ದಾಗ. ಕರೆ ದೃಢವಾದದ್ದು ಅವರನ್ನು ಹತ್ತಿರದಿಂದ ಬಲ್ಲ ಜನರ ನಡುವೆ, ಅದಾಗಲೇ ಮಾಡುತ್ತಿದ್ದ ಕೆಲಸದ ಮಧ್ಯೆ. ಇದೇ ಪೌಲನು ಮುಂದೆ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿಯುತ್ತ ಬೋಧಿಸಿದನು. ಆದ್ದರಿಂದ ಹೊಸ ನೌಕರಿ ಹುಡುಕುವುದನ್ನು ಕರೆಗೆ ಬೆನ್ನು ತೋರಿಸಿದಂತೆ ಎಂದು ಎಣಿಸಬೇಡಿ.

ನಮ್ಮ ನೆಲದ ಒಂದು ಉದಾಹರಣೆಯನ್ನೂ ಹೇಳುತ್ತೇನೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೇಯೋ ಹಾಲ್ ಬಳಿ ಫರ್ಡಿನಾಂಡ್ ಕಿಟ್ಟೆಲ್ ಅವರ ಪ್ರತಿಮೆ ಇದೆ. 1853ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಸೇವಕರಾಗಿ ಜರ್ಮನಿಯವರಾದ ಅವರು ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಸುವಾರ್ತೆ ಸಾರಲು ಬಂದವರು ಮೊದಲು ಕೇಳಿಸಿಕೊಳ್ಳಲು ಕುಳಿತರು. ಜನರ ಮಾತು, ಗಾದೆ, ಹಳಗನ್ನಡದ ಕಾವ್ಯ, ವ್ಯಾಕರಣ ಎಲ್ಲವನ್ನೂ ಕಲಿತರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಭಾಷೆ ಕಲಿಯುವುದು ಸೇವೆಗೆ ಪೂರ್ವಸಿದ್ಧತೆ ಎಂದು ಯಾರೇ ಆಗಲಿ ಹೇಳಿರಬಹುದಾದ ಕೆಲಸವೇ ಅವರ ಬದುಕಿನ ಸೇವೆಯಾಯಿತು. ಅದರ ಫಲವನ್ನು ನಾವೆಲ್ಲರೂ, ಕ್ರೈಸ್ತರಲ್ಲದ ಕನ್ನಡಿಗರೂ, ಇಂದಿಗೂ ಉಣ್ಣುತ್ತಿದ್ದೇವೆ.

ದಿನನಿತ್ಯ ಏನು ಮಾಡಬೇಕೆಂದು ಕೇಳಿದರೆ, ಸಭೆಯ ಕಾಲಮಾನವನ್ನು ಗಟ್ಟಿಯಾಗಿ ಹಿಡಿಯಿರಿ ಎನ್ನುತ್ತೇನೆ. ನಮ್ಮ ಹಿರಿಯರು ಹಬ್ಬಗಳ ಮುಂದೆ ಕಾಯುವ ದಿನಗಳನ್ನು ಇಟ್ಟಿದ್ದಾರೆ. ಕ್ರಿಸ್‌ಮಸ್‌ಗೆ ಮುಂಚೆ ಆಗಮನ ಕಾಲದ ನಾಲ್ಕು ಭಾನುವಾರಗಳು, ಈಸ್ಟರ್‌ಗೆ ಮುಂಚೆ ಬೂದಿ ಬುಧವಾರದಿಂದ ಭಾನುವಾರಗಳನ್ನು ಬಿಟ್ಟು ನಲವತ್ತು ದಿನ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚೆ ಕ್ಯಾಥೋಲಿಕ್ ಬಂಧುಗಳು ಒಂಬತ್ತು ದಿನ ನೊವೇನ ಎಂಬ ಪ್ರಾರ್ಥನೆ ಮಾಡುತ್ತಾರೆ. ನಾನು ಆ ಪಂಗಡದವನಲ್ಲದಿದ್ದರೂ ಆ ಶಿಸ್ತನ್ನು ಗೌರವಿಸುತ್ತೇನೆ. ನಮ್ಮ ಕಡೆ ಆಗಮನ ಕಾಲ ಹೆಸರಿಗೆ ಮಾತ್ರ ಉಳಿಯುತ್ತಿರುವುದು ಬೇಸರದ ಸಂಗತಿ. ಡಿಸೆಂಬರ್ ಒಂದಕ್ಕೇ ಮನೆಮನೆಗೆ ನಕ್ಷತ್ರ, ಕೇಕ್, ಕ್ಯಾರೋಲ್. ಆದರೆ ಆ ವಾರಗಳಲ್ಲಿ ಓದುವ ಪಾಠಗಳು ಎಚ್ಚರವಾಗಿರಿ ಎಂಬ ಕರ್ತನ ಮಾತು, ಮಾನಸಾಂತರಕ್ಕೆ ಕರೆಯುವ ಸ್ನಾನಿಕನಾದ ಯೋಹಾನನ ಮಾತು. ಒಂದು ವರ್ಷ ಆ ಪಾಠಗಳಷ್ಟನ್ನೇ ಓದಿಕೊಂಡು, ಹಬ್ಬದ ಸಂಭ್ರಮವನ್ನು ಹಬ್ಬದ ದಿನಕ್ಕೇ ಬಿಟ್ಟು ನೋಡಿ.

ಉಳಿದದ್ದು ಸಣ್ಣ ಕೆಲಸಗಳು. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. ವಾರಕ್ಕೊಂದು ಹೊತ್ತು ಊಟ ಬಿಟ್ಟು, ಆ ಹಣವನ್ನು ನಿಮಗಿಂತ ಕಷ್ಟದಲ್ಲಿರುವವರಿಗೆ ಕೊಡಿ. ಸಂಬಳವಿಲ್ಲದ ಈ ದಿನಗಳಲ್ಲಿ ಹಣದ ಬದಲು ಸಮಯ ಕೊಟ್ಟರೂ ಆದೀತು. ಯಾರೊಡನೆಯಾದರೂ ಮಾತು ಬಿಟ್ಟಿದ್ದರೆ ಅವರ ಮನೆಗೆ ಹೋಗಿ. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಸಹೋದರನೊಡನೆ ಒಂದಾಗು ಎಂದು ಕರ್ತನು ಹೇಳಿದ್ದು ಇದನ್ನೇ. ಈಗಿರುವ ಸಭೆಯಲ್ಲಿಯೇ ಉಳಿಯಿರಿ, ಭಾನುವಾರ ಶಾಲೆಗೋ ರೋಗಿಗಳ ಭೇಟಿಗೋ ನಿಮ್ಮನ್ನು ಒಪ್ಪಿಸಿಕೊಳ್ಳಿ.

ಸಭಾಪಾಲಕರ ಬಳಿಯೂ ಒಮ್ಮೆ ನೇರವಾಗಿ ಕೂತು ಮಾತನಾಡಿ. ‘ಕಾಯಿರಿ’ ಎನ್ನುವಾಗ ನನ್ನಲ್ಲಿ ಯಾವ ಕೊರತೆಯನ್ನು ನೋಡುತ್ತಿದ್ದೀರಿ, ಅದಕ್ಕೆ ಈಗ ಏನು ಮಾಡಲಿ ಎಂದು ಕೇಳಿ. ನಿಮ್ಮನ್ನು ಪ್ರೀತಿಸುವ ಸಭಾಪಾಲಕರಾದರೆ ಅದಕ್ಕೆ ಉತ್ತರ ಇದ್ದೇ ಇರುತ್ತದೆ. ಆ ಉತ್ತರ ಕಹಿಯಾಗಿದ್ದರೂ ಕೇಳಿಸಿಕೊಳ್ಳಿ. ಉತ್ತರವೇ ಇಲ್ಲದಿದ್ದರೆ ಸಭೆಯ ಇಬ್ಬರು ಹಿರಿಯರನ್ನು ಜೊತೆಗೆ ಕೂರಿಸಿಕೊಂಡು ಇದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಕಾರ್ಮಿಕ ಭವನದ ಕೆಲಸವನ್ನು ಮಾತ್ರ ಅದಕ್ಕಾಗಿ ತಡಮಾಡದೆ ಈ ವಾರವೇ ಮಾಡಿ.