ಕಂಪನಿಗಳು ಸಂಬಳ ಕೊಟ್ಟು ತಮ್ಮ ಎಂಜಿನಿಯರ್‌ಗಳಿಂದ ಓಪನ್ ಸೋರ್ಸ್ ಕೆಲಸ, ಅಂದರೆ ಯಾರು ಬೇಕಾದರೂ ನೋಡಿ, ಬಳಸಿ, ಬದಲಾಯಿಸಬಹುದಾದ ಕೋಡ್ ಬರೆಯುವ ಕೆಲಸ, ಯಾಕೆ ಮಾಡಿಸುತ್ತವೆ?

ಮುಖ್ಯ ಕಾರಣ, ಅದರಿಂದ ಕಂಪನಿಗಳಿಗೇ ಖರ್ಚು ಉಳಿಯುತ್ತದೆ.

ಲಿನಕ್ಸ್ ಕರ್ನಲ್ ನೋಡಿ. ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹಾರ್ಡ್‌ವೇರನ್ನು ನಡೆಸುವ ಒಳಗಿನ ತಿರುಳು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಒಬ್ಬರೇ ಶುರು ಮಾಡಿದ್ದು. ಈಗ ಅದರ ಬಹುಪಾಲು ಕೋಡ್ ಬರೆಯುವವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಉದ್ಯೋಗಿಗಳು.

ಎರಡು-ಮೂರು ತಿಂಗಳಿಗೊಂದು ಹೊಸ ಕರ್ನಲ್ ಬರುತ್ತದೆ. ಒಂದು ಕಂಪನಿ ತನ್ನ ವೈಫೈ ಚಿಪ್‌ನ ಡ್ರೈವರನ್ನು (ಕರ್ನಲ್ ಆ ಚಿಪ್ಪನ್ನು ನಡೆಸಲು ಬೇಕಾದ ಕೋಡ್) ತನ್ನಲ್ಲೇ ಇಟ್ಟುಕೊಂಡರೆ, ಪ್ರತಿ ಸಲ ಅದನ್ನು ಹೊಸದಕ್ಕೆ ಹೊಂದಿಸುತ್ತಾ ಕೂರಬೇಕು. ಮುಗಿಯದ ಕೆಲಸ, ಅಲ್ವಾ? ಅದೇ ಡ್ರೈವರ್ ಮುಖ್ಯ ಕರ್ನಲ್‌ಗೆ ಸೇರಿದರೆ ಲೆಕ್ಕ ಬದಲಾಗುತ್ತದೆ. ಕರ್ನಲ್‌ನ ಒಳಗಿನ ಒಂದು ಫಂಕ್ಷನ್ (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡ್ ತುಣುಕು) ಬದಲಾಯಿಸುವವರೇ, ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ಸರಿಮಾಡಬೇಕು. ಅದು ಅಲ್ಲಿನ ಪದ್ಧತಿ.

ಆದರೆ ಕೋಡನ್ನು ಸುಮ್ನೆ ಸೇರಿಸಿಕೊಳ್ಳುವುದಿಲ್ಲ. ಆ ಭಾಗದ ಹೊಣೆ ಹೊತ್ತ ಮೇಂಟೇನರ್ ಸಾಲು ಸಾಲು ಓದಿ, ಎಷ್ಟೋ ಸಲ ತಿದ್ದಿಸುತ್ತಾರೆ. ಕಂಪನಿಯ ಹೆಸರು ದೊಡ್ಡದು ಅಂತ ರಿಯಾಯಿತಿ ಇಲ್ಲ, ಇರಲೂಬಾರದು. ಅದಕ್ಕೇ ಕರ್ನಲ್ ಬಳಗದಲ್ಲಿ ನಂಬಿಕೆ ಗಳಿಸಿದ ಎಂಜಿನಿಯರ್‌ಗಳಿಗೆ ಅಷ್ಟು ಬೇಡಿಕೆ.